ಟೊಳ್ಳು ಮೂಳೆಯ ಖರ್ಚನ್ನು ಸರ್ಕಾರದ ಕಣ್ಣಿಗೆ ಬೀಳಿಸುವ ಸೂತ್ರಗಳು

ಆಸ್ಟಿಯೊಪೊರೋಸಿಸ್ ಸದ್ದಿಲ್ಲದೆ ಬರುವ ಕಾಯಿಲೆ. ಮೂಳೆ ಒಳಗೊಳಗೇ ಟೊಳ್ಳಾಗುತ್ತಾ ಹೋಗಿ, ಬಚ್ಚಲಲ್ಲಿ ಕಾಲು ಜಾರಿದ ದಿನ ಮುರಿಯುತ್ತದೆ. ಅಜ್ಜಿ ಬಿದ್ದು ಸೊಂಟ ಮುರಿದುಕೊಂಡರು ಎನ್ನುತ್ತೇವೆ, ಕಾಯಿಲೆಯ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಹೆಸರೇ ಬಾರದ ಕಾಯಿಲೆಗೆ ಬಜೆಟ್ಟಿನಲ್ಲಿ ಹಣ ಎಲ್ಲಿಂದ ಬರಬೇಕು? ಇದನ್ನು ಬದಲಿಸಲು ಹೊರಟ ವೈದ್ಯರಿಗೆ, ಹಿರಿಯ ನಾಗರಿಕರ ಸಂಘಗಳಿಗೆ ಬೇರೆ ದೇಶಗಳ ಅನುಭವದಿಂದ ಕೆಲವು ಸೂತ್ರಗಳು ಇಲ್ಲಿವೆ.

1. ಮುರಿದ ಮೂಳೆಯನ್ನು ಎಣಿಸಿ.
ಇಷ್ಟು ಕೋಟಿ ಜನರಿಗೆ ಮೂಳೆ ಸಾಂದ್ರತೆ ಕಡಿಮೆ ಎಂದರೆ ಹಣಕಾಸು ಇಲಾಖೆಯವರು ತಲೆಯಾಡಿಸಿ ಕಡತ ಮುಚ್ಚುತ್ತಾರೆ. ಈಗಾಗಲೇ ಪಾವತಿಯಾಗುತ್ತಿರುವ ಬಿಲ್ ತೋರಿಸಿದರೆ ಕೂತು ಕೇಳುತ್ತಾರೆ. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಮಾಡಿತು: 2005ರ ಒಂದೇ ವರ್ಷದಲ್ಲಿ 20 ಲಕ್ಷಕ್ಕೂ ಹೆಚ್ಚು ಮುರಿತ, ಸುಮಾರು 1,700 ಕೋಟಿ ಡಾಲರ್ ಖರ್ಚು.

2. ಸೊಂಟದಿಂದ ಶುರು ಮಾಡಿ.
ಅದೇ ಲೆಕ್ಕದಲ್ಲಿ ಸೊಂಟದ ಮುರಿತಗಳು ಶೇ. 14 ಮಾತ್ರ, ಖರ್ಚಿನಲ್ಲಿ ಅವುಗಳ ಪಾಲು ಶೇ. 72. ಎಲ್ಲ ಮುರಿತಗಳ ಅಂಕಿಅಂಶ ಸಿಗುವವರೆಗೆ ಕಾಯಬೇಕಿಲ್ಲ.

3. ಗಂಡಸರನ್ನು ಬಿಡಬೇಡಿ.
ಆ 20 ಲಕ್ಷದಲ್ಲಿ ಶೇ. 29 ಅವರವೇ.

4. ನೇರ ಖರ್ಚು, ಪರೋಕ್ಷ ಖರ್ಚು ಎರಡನ್ನೂ ಬೇರೆ ಬೇರೆ ಬರೆಯಿರಿ.
ಆಸ್ಟ್ರೇಲಿಯಾದಲ್ಲಿ 2001ರಲ್ಲಿ ಬಂದ ವರದಿ ವರ್ಷದ ಹೊರೆಯನ್ನು 740 ಕೋಟಿ ಆಸ್ಟ್ರೇಲಿಯನ್ ಡಾಲರ್ ಎಂದಿತು. ಅದರಲ್ಲಿ ಚಿಕಿತ್ಸೆಯ ನೇರ ಖರ್ಚು 190 ಕೋಟಿ. ಉಳಿದದ್ದು ಕಳೆದುಹೋದ ದುಡಿಮೆ, ಮನೆಯವರ ಆರೈಕೆಯಂಥವು. ಎರಡನ್ನೂ ಕಲಸಿ ದೊಡ್ಡ ಮೊತ್ತ ಹೇಳುವ ಆಸೆ ಎಲ್ಲರಿಗೂ ಇರುತ್ತದೆ. ಹಾಗೆ ಮಾಡಿದರೆ ಪರೋಕ್ಷ ಖರ್ಚಿನ ಮೇಲೆ ಎದ್ದ ಒಂದು ಪ್ರಶ್ನೆ ಇಡೀ ವರದಿಯನ್ನೇ ಅನುಮಾನಕ್ಕೆ ತಳ್ಳುತ್ತದೆ. ಮರುವರ್ಷ, 2002ರಲ್ಲಿ, ಆಸ್ಟ್ರೇಲಿಯಾ ಕೀಲು ಮತ್ತು ಮೂಳೆ ರೋಗಗಳನ್ನು ತನ್ನ ಆರೋಗ್ಯ ಆದ್ಯತೆಗಳ ಪಟ್ಟಿಗೆ ಸೇರಿಸಿತು. ಆಸ್ಟಿಯೊಪೊರೋಸಿಸ್ ಕೂಡ ಅದರೊಳಗಿತ್ತು.

5. ಎರಡನೇ ಮುರಿತದ ಲೆಕ್ಕ ಹಾಕಿ.
ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದ ವಾದ ಇದೇ. ಒಮ್ಮೆ ಮುರಿದವರಿಗೆ ಮತ್ತೆ ಮುರಿಯುವ ಅಪಾಯ ಹೆಚ್ಚು. ಅವರು ಈಗಾಗಲೇ ಆಸ್ಪತ್ರೆಯ ಹಾಸಿಗೆಯ ಮೇಲೆ ನಮ್ಮ ಕಣ್ಣೆದುರೇ ಇದ್ದಾರೆ. ಆದರೂ ಮುರಿದದ್ದನ್ನು ಜೋಡಿಸಿ ಮನೆಗೆ ಕಳಿಸುತ್ತೇವೆ. ಅಮೆರಿಕದಲ್ಲಿ ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ದಾಖಲೆಗಳನ್ನು ಜಾಲಾಡಿ 2019ರಲ್ಲಿ ಬಂದ ವರದಿಯ ಪ್ರಕಾರ, 2015ರಲ್ಲಿ ಮೂಳೆ ಮುರಿದುಕೊಂಡ ಮಹಿಳೆಯರಲ್ಲಿ ಆರು ತಿಂಗಳೊಳಗೆ ಮೂಳೆ ಸಾಂದ್ರತೆಯ ಪರೀಕ್ಷೆ ಆದದ್ದು ಶೇ. 9 ಮಂದಿಗೆ. ಆಮೇಲಿನ ಮುರಿತಗಳ ವೆಚ್ಚ 630 ಕೋಟಿ ಡಾಲರ್. ವರದಿ ಅಷ್ಟಕ್ಕೇ ನಿಲ್ಲಲಿಲ್ಲ: ಇಂಥ ಮುರಿತಗಳಲ್ಲಿ ಶೇ. 5 ತಪ್ಪಿಸಿದರೆ ಎಷ್ಟು ಉಳಿತಾಯ, ಶೇ. 20 ತಪ್ಪಿಸಿದರೆ ಎಷ್ಟು ಎಂದೂ ಹೇಳಿತು. ಕ್ರಮವಾಗಿ 31 ಕೋಟಿ ಮತ್ತು 120 ಕೋಟಿ ಡಾಲರ್. ನಿಮ್ಮ ಮನವಿಯಲ್ಲೂ ಹೀಗೆ ಕನಿಷ್ಠ, ಗರಿಷ್ಠ ಎರಡೂ ಇರಲಿ.

6. ಔಷಧಿಯ ಪಾಲು ಎಷ್ಟೆಂದು ತೋರಿಸಿ.
2019ರಲ್ಲಿ ಯುರೋಪಿನ 29 ದೇಶಗಳಲ್ಲಿ ಈ ಕಾಯಿಲೆಯ ಖರ್ಚು 5,690 ಕೋಟಿ ಯೂರೋ. ಅದರಲ್ಲಿ ಔಷಧಿಗೆ ಹೋದದ್ದು ಶೇ. 3ರಷ್ಟು. ಮದ್ದು ದುಬಾರಿ ಎನ್ನುವವರ ಮುಂದೆ ಇದನ್ನಿಡಿ.

7. ಹಣ ಎಲ್ಲಿ, ಯಾವ ಕೆಲಸಕ್ಕೆ ಎಂದು ನಿಖರವಾಗಿ ಕೇಳಿ.
"ಜಾಗೃತಿ ಮೂಡಿಸಿ" ಎಂಬ ಬೇಡಿಕೆಗೆ ಸರ್ಕಾರ ಒಂದು ಪೋಸ್ಟರ್ ಅಂಟಿಸಿ ಕೈತೊಳೆದುಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ 2007ರಲ್ಲಿ ಸೊಂಟದ ಮುರಿತಗಳ ದಾಖಲಾತಿ ಶುರುವಾಯಿತು. 2010ರಿಂದ, 36 ಗಂಟೆಯೊಳಗೆ ಶಸ್ತ್ರಚಿಕಿತ್ಸೆ, ವೃದ್ಧರ ತಜ್ಞವೈದ್ಯರ ಆರೈಕೆ, ಮತ್ತೆ ಬೀಳದಂತೆ, ಮುರಿಯದಂತೆ ತಪಾಸಣೆ ಇವೆಲ್ಲ ಆದರೆ ಆಸ್ಪತ್ರೆಗೆ ಹೆಚ್ಚುವರಿ ಹಣ. 2007ರಿಂದ 2011ರ ನಡುವೆ, ಮುರಿದ 30 ದಿನದೊಳಗಿನ ಸಾವು ಶೇ. 10.9ರಿಂದ 8.5ಕ್ಕೆ ಇಳಿಯಿತು.

8. ನಮ್ಮ ಕಡತಗಳನ್ನು ತೆರೆಸಿ.
ಕ್ಯಾನ್ಸರ್, ಮಧುಮೇಹ, ಹೃದ್ರೋಗ, ಪಾರ್ಶ್ವವಾಯುವಿಗೆ ಭಾರತದಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಇದೆ, ಟೊಳ್ಳು ಮೂಳೆಗೆ ಅಂಥದ್ದಿಲ್ಲ. ಆದರೆ ಮುರಿದ ಸೊಂಟದ ಶಸ್ತ್ರಚಿಕಿತ್ಸೆಗೆ ಆಯುಷ್ಮಾನ್ ಭಾರತ್ ಹಣ ಕೊಡುತ್ತದೆ. 2024ರಿಂದ ಆದಾಯದ ಮಿತಿಯಿಲ್ಲದೆ 70 ದಾಟಿದ ಎಲ್ಲರನ್ನೂ ಯೋಜನೆಗೆ ಸೇರಿಸಿಕೊಳ್ಳಲಾಗಿದೆ. ಕರ್ನಾಟಕದಲ್ಲಿ ಯೋಜನೆ ನೋಡಿಕೊಳ್ಳುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. 50 ದಾಟಿದವರ ಸೊಂಟದ ಶಸ್ತ್ರಚಿಕಿತ್ಸೆಗಳು ಜಿಲ್ಲಾವಾರು ಎಷ್ಟು, ಅದೇ ರೋಗಿ ಮತ್ತೆ ಬಂದದ್ದು ಎಷ್ಟು ಎಂದು ಕೇಳಿ. ಫಿಸಿಯೋಥೆರಪಿಗೆ ಮನೆಯವರು ಕೈಯಿಂದ ಹಾಕಿದ ದುಡ್ಡು, ಆರೈಕೆಗೆಂದು ಮಗಳೋ ಸೊಸೆಯೋ ಬಿಟ್ಟ ಕೂಲಿ ಆ ದಾಖಲೆಯಲ್ಲಿ ಇರುವುದಿಲ್ಲ. ಅದಕ್ಕೆ ಮನೆಮನೆ ಸಮೀಕ್ಷೆಯೇ ಬೇಕು.

9. ಬಜೆಟ್ ಮಂಡನೆಗೆ ತಿಂಗಳುಗಳ ಮೊದಲೇ ಹೋಗಿ.
ಇಲಾಖೆಗಳು ಪ್ರಸ್ತಾವ ಬರೆಯುವ ಹೊತ್ತಿಗೆ ನಿಮ್ಮ ಎರಡು ಪುಟದ ಮನವಿ ಅವರ ಮೇಜಿನ ಮೇಲಿರಬೇಕು.

10. ಗೆದ್ದ ಮೇಲೂ ಎಣಿಸುತ್ತಿರಿ.
2007ರಿಂದ ಅಮೆರಿಕದ ಮೆಡಿಕೇರ್, ಕ್ಲಿನಿಕ್ಕುಗಳಲ್ಲಿ ಮಾಡುವ ಮೂಳೆ ಸಾಂದ್ರತೆಯ ಪರೀಕ್ಷೆಗೆ ಕೊಡುವ ಹಣವನ್ನು ಕಡಿತ ಮಾಡಿತು. ಪರೀಕ್ಷೆಗಳು ಕಡಿಮೆಯಾದವು. ವರ್ಷಗಟ್ಟಲೆ ಇಳಿಯುತ್ತಾ ಬಂದಿದ್ದ ಹಿರಿಯ ಮಹಿಳೆಯರ ಸೊಂಟದ ಮುರಿತದ ಪ್ರಮಾಣ 2012ರ ನಂತರ ಇಳಿಯುವುದನ್ನು ನಿಲ್ಲಿಸಿತು. ಆ ಕಡಿತವೇ ಕಾರಣವೆಂದು ಸಾಬೀತಾಗಿಲ್ಲ. ಆದರೆ ವರ್ಷವರ್ಷದ ಲೆಕ್ಕ ಇದ್ದದ್ದರಿಂದಲೇ ಆ ಪ್ರಶ್ನೆ ಕೇಳಲು ತಜ್ಞರಿಗೆ ಸಾಧ್ಯವಾಯಿತು.