ಎರೆಮಣ್ಣಿನ ರಾಡಿಯಲ್ಲಿ ಟ್ರ್ಯಾಕ್ಟರ್ ಹುಗಿದರೆ ಏನು ಮಾಡಬೇಕು?

ಸೆಪ್ಟೆಂಬರ್ ಮಳೆ ಹಿಡಿಯಿತೆಂದರೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹೊಲದ ದಾರಿಗಳಲ್ಲಿ ಮತ್ತೆ ಮತ್ತೆ ಕಾಣುವ ನೋಟವಿದು: ಹಿಂದಿನ ಗಾಲಿ ಅಚ್ಚಿನವರೆಗೆ ಹುಗಿದ ಟ್ರ್ಯಾಕ್ಟರ್, ಸುತ್ತ ನೆರೆದ ಮಂದಿ, ‘ಇನ್ನೊಂದ್ ಸ್ವಲ್ಪ ರೇಸ್ ಮಾಡೋ ತಮ್ಮಾ, ಬರ್ತದ’ ಎಂಬ ಕೂಗು. ಆ ಮಾತು ಕೇಳಬೇಡಿ. ಎರೆಮಣ್ಣಿನಲ್ಲಿ ರೇಸ್ ಮಾಡಿದಷ್ಟೂ ಗಾಡಿ ಕೆಳಕ್ಕೇ ಇಳಿಯುತ್ತದೆ.

ಕಾರಣ ಮಣ್ಣಿನಲ್ಲೇ ಇದೆ. ದಖನ್ನಿನ ಕಪ್ಪು ಬಸಾಲ್ಟ್ ಕಲ್ಲು ಸವೆದು ಆದ ಭೂಮಿ ಇದು. ಇದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ. ಹಿಂಗಾರಿ ಜೋಳ ಕೈಗೆ ಬರುವುದು ಈ ಮಣ್ಣು ಹಿಡಿದಿಟ್ಟ ಹಸಿಯಿಂದಲೇ. ಗಾಡಿಗೆ ಮಾತ್ರ ಆ ಗುಣವೇ ಕಂಟಕ. ಟೈರಿನ ಹಲ್ಲುಗಳ ಸಂದಿಯಲ್ಲಿ ಮಣ್ಣು ಮೆತ್ತಿಕೊಂಡು, ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಗಾಲಿ ರೋಡ್ ರೋಲರಿನಂತೆ ನುಣ್ಣಗಾಗುತ್ತದೆ. ಮೇಲೆ ಒಣಗಿದಂತೆ ಕಂಡರೂ ಗೇಣು ಕೆಳಗೆ ಹಸಿ ಉಳಿದಿರುತ್ತದೆ. ಭೀಮಾ ದಂಡೆಯ ಹೊಲಗಳಲ್ಲಂತೂ ಇದು ಹೆಚ್ಚು. ಅನುಮಾನವಿದ್ದ ಕಡೆ ಇಳಿದು ಹಾರಿ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಗಾಡಿ ಇಳಿಸಬೇಡಿ.

ಮೊದಲು ನಿಲ್ಲಿಸಿ, ಬಿಚ್ಚಿ

ಗಾಲಿ ನಿಂತಲ್ಲೇ ತಿರುಗತೊಡಗಿದ ಕ್ಷಣವೇ ಕ್ಲಚ್ ಒತ್ತಿ. ಗಾಡಿ ನ್ಯೂಟ್ರಲ್‌ಗೆ ತಂದು, ಬ್ರೇಕ್ ಕಟ್ಟಿ, ಎಂಜಿನ್ ಆರಿಸಿ. ಮಡ್‌ಗಾರ್ಡ್ ಮೇಲೆ ಕೂತವರನ್ನೆಲ್ಲ ಇಳಿಸಿ. ಸುತ್ತ ಬಂದು ನೋಡಿ: ಹಿಂದಿನ ಅಚ್ಚಿನ ಹೊಟ್ಟೆ ಮಣ್ಣಿಗೆ ತಾಗಿದೆಯೇ? ತಾಗಿದ್ದರೆ ಅಗೆಯದೆ ಎಳೆಯುವ ಮಾತೇ ಇಲ್ಲ.

ಹಿಂದೆ ಟ್ರಾಲಿ ಇದ್ದರೆ ಬಿಚ್ಚಿ. ಕಬ್ಬು ತುಂಬಿದ ಎರಡು ಟ್ರಾಲಿ ಸಮೇತ ಹೊರಡಿಸಲು ಹೋಗಿಯೇ ಹೆಚ್ಚಿನವರು ಇನ್ನಷ್ಟು ಹುಗಿಸಿಕೊಳ್ಳುತ್ತಾರೆ. ಟ್ರಾಲಿಯ ಗಾಲಿಗಳಿಗೆ ಹಿಂದೆಮುಂದೆ ಕಲ್ಲು ಕೊಟ್ಟು, ಮೂತಿಯ ಕೆಳಗೆ ಗಟ್ಟಿ ದಿಮ್ಮಿ ಇಟ್ಟ ಮೇಲೆಯೇ ಪಿನ್ನು ಕೀಳಬೇಕು. ಇಲ್ಲವಾದರೆ ಭಾರವೆಲ್ಲ ಮೂತಿಗೆ ಬಂದು ಕಾಲಿನ ಮೇಲೆ ಬೀಳುತ್ತದೆ. ಟ್ರ್ಯಾಕ್ಟರ್ ಗಟ್ಟಿ ನೆಲಕ್ಕೆ ಬಂದ ಮೇಲೆ ಉದ್ದ ಹಗ್ಗದಿಂದ ಟ್ರಾಲಿಗಳನ್ನು ಒಂದೊಂದಾಗಿ ಎಳೆದುಕೊಳ್ಳಬಹುದು.

ಅಗೆಯುವುದೇ ಅರ್ಧ ಕೆಲಸ

ಹಿಂದೆ ಟ್ರಾಲಿ ಅಡ್ಡವಿಲ್ಲದಿದ್ದರೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುವುದು ಎಲ್ಲಕ್ಕಿಂತ ಸುರಕ್ಷಿತ. ಆ ನೆಲ ನಿಮ್ಮನ್ನು ಒಮ್ಮೆ ಹೊತ್ತಿದೆ. ಹೊರಡುವ ದಿಕ್ಕಿಗೆ ಪ್ರತಿ ಗಾಲಿಯ ಎದುರು ಒಂದು ಗಾಲಿಯಷ್ಟು ಉದ್ದಕ್ಕೆ ಇಳಿಜಾರಾಗಿ ತೆಗೆಯಿರಿ. ಗೋಡೆಯಂತೆ ನೆಟ್ಟಗೆ ಕಡಿದರೆ ಗಾಲಿ ಏರುವುದಿಲ್ಲ. ನಿಂತ ನೀರಿಗೆ ಪಕ್ಕದಲ್ಲಿ ಸಣ್ಣ ಕಾಲುವೆ ಬಿಡಿ. ಸಲಿಕೆಗೆ ಮಣ್ಣು ಅಂಟಿ ಬಿಡದಿದ್ದರೆ ಆಗಾಗ ನೀರಲ್ಲಿ ಅದ್ದಿ. ಟೈರಿನ ಸಂದಿಯ ಮಣ್ಣನ್ನು ಕುಡಗೋಲಿನ ತುದಿಯಿಂದ ಕೆರೆದು ತೆಗೆಯಿರಿ. ಈ ಬೇಸರದ ಕೆಲಸ ಬಿಟ್ಟವರ ಗಾಡಿಯೇ ಮತ್ತೆ ಜಾರುವುದು.

ಹಾಸುವುದಕ್ಕೆ ನಮ್ಮ ಹೊಲದಲ್ಲೇ ಸಾಮಾನಿದೆ. ತೊಗರಿ ಕಟ್ಟಿಗೆಯ ಹೊರೆಗಳನ್ನು ದಾರಿಗೆ ಅಡ್ಡಲಾಗಿ ಒತ್ತೊತ್ತಾಗಿ ಹಾಕಿ. ಆದರೆ ಕೊಯ್ದ ತೊಗರಿ ಕಾಂಡದ ತುದಿ ಮೊಳೆಗಿಂತ ಕಡಿಮೆಯಲ್ಲ, ಟೈರ್ ಪಂಕ್ಚರ್ ಮಾಡುತ್ತದೆ. ಚೂಪು ತುದಿಗಳು ಗಾಲಿಯ ದಾರಿಯಿಂದ ಹೊರಕ್ಕಿರಲಿ. ಕಬ್ಬಿನ ರವದಿ ಒಂದನ್ನೇ ಹಾಸಿದರೆ ನೆಂದು ಜಾರುತ್ತದೆ. ಅದನ್ನು ಕೆಳಗೆ ಹಾಕಿ ಮೇಲೆ ಕಟ್ಟಿಗೆ, ಅದರ ಮೇಲೆ ಗರಸು ಚೆಲ್ಲಿದರೆ ಹಿಡಿತ ಬರುತ್ತದೆ.

ಈಗ ಎಲ್ಲರನ್ನೂ ದೂರ ಸರಿಸಿ. ಗಾಲಿ ಕಟ್ಟಿಗೆಯನ್ನು ಎಸೆಯುತ್ತದೆ. ಸ್ಟೇರಿಂಗ್ ನೆಟ್ಟಗಿಟ್ಟು, ಗಾಲಿ ನಿಂತಿರುವಾಗಲೇ ಡಿಫರೆನ್ಷಿಯಲ್ ಲಾಕ್ ಹಾಕಿ, ಲೋ ರಿವರ್ಸ್ ಗೇರಿನಲ್ಲಿ ಕ್ಲಚ್ ನಿಧಾನವಾಗಿ ಬಿಡಿ. ಹೊರಬಂದ ಕೂಡಲೇ, ತಿರುಗಿಸುವ ಮೊದಲೇ, ಲಾಕ್ ತೆಗೆಯಿರಿ.

ಜೀವ ತೆಗೆಯುವ ತಪ್ಪು

ಹಿಂದಿನ ಗಾಲಿಗಳಿಗೆ ಅಡ್ಡ ದಿಮ್ಮಿ ಬಿಗಿದು ಮುಂದಕ್ಕೆ ಹೊರಡಿಸುವುದನ್ನು ಕೆಲವರು ಜಾಣತನ ಎನ್ನುತ್ತಾರೆ. ಅದನ್ನು ಎಂದೂ ಮಾಡಬೇಡಿ. ಗಾಲಿ ತಿರುಗಲಾಗದೆ ಸಿಕ್ಕಿಕೊಂಡಾಗ ಎಂಜಿನ್ನಿನ ಬಲ ಅಚ್ಚಿನ ಸುತ್ತ ಟ್ರ್ಯಾಕ್ಟರನ್ನೇ ತಿರುಗಿಸುತ್ತದೆ. ಮೂತಿ ಮೇಲೆದ್ದು ಚಾಲಕನ ಮೇಲೆ ಮಗುಚಿ ಬೀಳಲು ಒಂದೆರಡು ಸೆಕೆಂಡ್ ಸಾಕು. ಕ್ಲಚ್ ಒತ್ತಲು ಸಮಯವೇ ಸಿಗುವುದಿಲ್ಲ. ರಿವರ್ಸ್‌ನಲ್ಲಿ ಆ ಬಲ ಮೂತಿಯನ್ನು ಕೆಳಕ್ಕೆ ಒತ್ತುತ್ತದೆ. ರಿವರ್ಸ್ ಹೋಗಿ ಎಂದು ಹೇಳಿದ್ದು ಅದಕ್ಕೇ.

ಇನ್ನೊಂದು ಟ್ರ್ಯಾಕ್ಟರ್ ತಂದು ಎಳೆಸುವಾಗಲೂ ಇದೇ ಎಚ್ಚರ ಬೇಕು. ಎಳೆಯುವ ಟ್ರ್ಯಾಕ್ಟರಿನ ಹಗ್ಗ ಕೆಳಗಿನ ಡ್ರಾಬಾರಿಗೇ ಇರಲಿ. ಮೇಲಿನ ಟಾಪ್ ಲಿಂಕಿಗೆ ಕಟ್ಟಿದರೆ ಎಳೆಯುವವನೇ ಮಗುಚುತ್ತಾನೆ. ಎಳೆಯುವ ಟ್ರ್ಯಾಕ್ಟರ್ ಗಟ್ಟಿ ನೆಲದಲ್ಲಿ ನಿಲ್ಲುವಷ್ಟು ಹಗ್ಗ ಉದ್ದವಿರಬೇಕು. ಜಗ್ಗಿ ಹೊಡೆಯಬೇಡಿ, ಬಿಗಿಯಾದ ಮೇಲೆ ನಿಧಾನ ಎಳೆಯಿರಿ. ಹಗ್ಗದ ನಡುವೆ ನೆನೆದ ಗೋಣಿಚೀಲ ಹಾಕಿದರೆ ಹರಿದಾಗ ಅದರ ಹೊಡೆತ ತಗ್ಗುತ್ತದೆ. ಆದರೂ ಹಗ್ಗದ ಒಂದೂವರೆ ಪಟ್ಟು ದೂರದೊಳಗೆ ಯಾರೂ ನಿಲ್ಲಬಾರದು, ಮಕ್ಕಳಂತೂ ಬದುವಿನ ಆಚೆಗೇ ಇರಲಿ. ಜೆಸಿಬಿ ಬಂದರೆ ಸ್ಟೇರಿಂಗ್ ರಾಡಿಗೆ ಸರಪಳಿ ಹಾಕಗೊಡಬೇಡಿ.

ಫೋರ್ ವೀಲ್ ಜೀಪು, ಪಿಕಪ್‌ಗಳಿಗೂ ಕ್ರಮ ಇದೇ. ಟೈರಿನ ಗಾಳಿಯನ್ನು 18–20 ಪಿಎಸ್‌ಐಗೆ ಇಳಿಸಿದರೆ ಟೈರು ಅಗಲವಾಗಿ ನೆಲ ಹಿಡಿಯುತ್ತದೆ. ಡಾಂಬರು ರಸ್ತೆಗೆ ಏರುವ ಮೊದಲು ಮತ್ತೆ ತುಂಬಿಸಿ. ಭಾರ ತುಂಬಿದ ಪಿಕಪ್ಪಾದರೆ ಮೊದಲು ಸಾಮಾನು ಇಳಿಸಿ. ಜಾಕ್ ಕೆಳಗೆ ಅಗಲ ಹಲಗೆ ಇಲ್ಲದಿದ್ದರೆ ಗಾಡಿ ಏರುವ ಬದಲು ಜಾಕೇ ಹುಗಿಯುತ್ತದೆ.

ಭೀಮಾ, ಅಮರ್ಜಾ ದಂಡೆಯಲ್ಲಿ ಅಥವಾ ಹಳ್ಳದಲ್ಲಿ ಸಿಕ್ಕಿಕೊಂಡು ನೀರು ಏರುತ್ತಿದ್ದರೆ ಮೇಲಿನ ಯಾವುದೂ ಬೇಡ. 2020ರ ಅಕ್ಟೋಬರ್‌ನಲ್ಲಿ ಭೀಮೆ ಹೇಗೆ ಉಕ್ಕಿ ಬಂದಿತ್ತೆಂಬುದನ್ನು ಈ ಭಾಗದವರು ಕಂಡಿದ್ದಾರೆ. ಗಾಡಿ ಬಿಟ್ಟು ಎತ್ತರಕ್ಕೆ ಹೋಗಿ, 112ಕ್ಕೆ ಕರೆ ಮಾಡಿ.

ಗಾಡಿ ಹೊರಬಂದ ಮೇಲೆ ಬ್ರೇಕ್ ಮತ್ತು ರೇಡಿಯೇಟರ್ ಜಾಲರಿಯ ಮಣ್ಣು ತೊಳೆಯಿರಿ. ಹಾಸಿದ ತೊಗರಿ ಕಟ್ಟಿಗೆ ಆರಿಸಿ ಬದುವಿಗೆ ಹಾಕಿ. ತೋಡಿದ ಗುಂಡಿಯನ್ನು ಹಸಿ ಇರುವಾಗಲೇ ಮುಚ್ಚಿ. ಎರೆಮಣ್ಣು ಒಣಗಿದರೆ ಕಲ್ಲಾಗುತ್ತದೆ, ಹಿಂದೆ ಬರುವ ಎತ್ತಿನ ಬಂಡಿಯ ಅಚ್ಚು ಅಲ್ಲಿ ಮುರಿಯುತ್ತದೆ.