ಮುಖ ಕಾಣದ ದನಿ: ರಂಗನಟಿ ಬಿ. ಜಯಶ್ರೀ



ಕಡೂರಿನಲ್ಲಿ ಬೆಂಗಳೂರಿನ ರೈಲು ಹತ್ತಿದರೆ ಅರಸೀಕೆರೆ, ತಿಪಟೂರು ದಾಟಿ, ತುಮಕೂರಿಗಿಂತ ಮೊದಲು ಗುಬ್ಬಿ ಸಿಗುತ್ತೆ. ತರೀಕೆರೆಯವರಾಗಲಿ ಅಜ್ಜಂಪುರದವರಾಗಲಿ ಬೀರೂರಿಗೆ ಬಂದು ಇದೇ ದಾರಿ ಹಿಡಿಯಬೇಕು. ಕಿಟಕಿಯಿಂದ ನೋಡಿದರೆ ಗುಬ್ಬಿ ಸಣ್ಣ ಊರು. ಆದರೆ ಕನ್ನಡ ನಾಡಿನಲ್ಲೆಲ್ಲ ಹೆಸರಾದ ಗುಬ್ಬಿ ನಾಟಕ ಕಂಪನಿ 1884ರಲ್ಲಿ ಹುಟ್ಟಿದ್ದು ಇಲ್ಲೇ. ಅದನ್ನು ಬೆಳೆಸಿದವರು ಗುಬ್ಬಿ ವೀರಣ್ಣನವರು. 'ಕುರುಕ್ಷೇತ್ರ' ನಾಟಕದಲ್ಲಿ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದವರು! ಅವರ ಮೊಮ್ಮಗಳೇ ಬಿ. ಜಯಶ್ರೀ.

ಜಯಶ್ರೀಯವರು ಹುಟ್ಟಿದ್ದು 1950ರಲ್ಲಿ. ತಾಯಿ ಜಿ.ವಿ. ಮಾಲತಮ್ಮನವರೂ ನಟಿ. ನಾವು ಅಂಗನವಾಡಿಗೆ ಹೋಗುವ ವಯಸ್ಸಿನಲ್ಲಿ ಅವರು ರಂಗದ ಪರದೆ ಹಿಂದೆ ಆಡಿಕೊಂಡಿದ್ದರು, ಚಿಕ್ಕಂದಿನಲ್ಲೇ ಬಣ್ಣ ಹಚ್ಚಿದರು. ಮನೆಯಲ್ಲೇ ಇಷ್ಟೊಂದು ವಿದ್ಯೆ ಇದ್ದರೂ ಸಾಲದು ಅಂತ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಸೇರಿ, ಇಬ್ರಾಹಿಂ ಅಲ್ಕಾಜಿಯವರ ಹತ್ತಿರ ಕಲಿತು, 1973ರಲ್ಲಿ ಓದು ಮುಗಿಸಿದರು. ನನಗೆ ಬಹಳ ಹಿಡಿಸಿದ್ದು ಇದೇ. 1976ರಲ್ಲಿ 'ಸ್ಪಂದನ' ಎಂಬ ತಂಡ ಕಟ್ಟಿದರು. 'ಲಕ್ಷಾಪತಿ ರಾಜನ ಕಥೆ', ಚಂದ್ರಶೇಖರ ಕಂಬಾರರ ಕಾದಂಬರಿಯಿಂದ ಮಾಡಿದ 'ಕರಿಮಾಯಿ' ಮುಂತಾದ ನಾಟಕಗಳನ್ನು ಆಡಿಸಿದರು. ನಿರ್ದೇಶನ, ನಟನೆ, ಹಾಡು ಎಲ್ಲದರಲ್ಲೂ ಅವರು ಸೈ.

ಈಗ ತಮಾಷೆಯ ವಿಷಯ ಕೇಳಿ. ನಮ್ಮಲ್ಲಿ ಎಷ್ಟೋ ಜನ ಜಯಶ್ರೀಯವರ ಮುಖ ನೋಡದೇ ಇರಬಹುದು, ಆದರೆ ಮನೆಯಲ್ಲಿ ಹಳೇ ಸಿನಿಮಾ ನೋಡುವವರೆಲ್ಲ ಅವರ ದನಿ ಕೇಳಿರುತ್ತಾರೆ. ಹೇಗೆ ಅಂತೀರಾ? ಅದಕ್ಕೆ ಡಬ್ಬಿಂಗ್ ಅಂತಾರೆ. ಚಿತ್ರೀಕರಣ ಮುಗಿದ ಮೇಲೆ ಸ್ಟುಡಿಯೋದಲ್ಲಿ ಪರದೆ ನೋಡುತ್ತಾ, ತುಟಿ ಅಲುಗುವುದಕ್ಕೆ ಸರಿಯಾಗಿ ಮಾತು ಸೇರಿಸುವುದು. ಬೇರೆ ಭಾಷೆಯಿಂದ ಬಂದ ನಾಯಕಿಯರಿಗೆ ಕನ್ನಡದ ದನಿ ಬೇಕಲ್ಲ! ಮಾಧವಿ, ಗಾಯತ್ರಿ ಮುಂತಾದ ನಟಿಯರಿಗೆ ಮಾತು ಕೊಟ್ಟವರು ಜಯಶ್ರೀ. ಪರದೆ ಮೇಲೆ ಅಳುವವರು ಒಬ್ಬರು, ನಮ್ಮನ್ನು ಅಳಿಸುವ ಗಂಟಲು ಇನ್ನೊಬ್ಬರದು. ಚಪ್ಪಾಳೆ ಮಾತ್ರ ಮುಖಕ್ಕೆ. ಇದು ನ್ಯಾಯವೇ? ಅಮ್ಮನ ಹತ್ತಿರ ಕೇಳಿದೆ. 'ನನಗೂ ಇವತ್ತೇ ಗೊತ್ತಾಗಿದ್ದು ಕಣೇ' ಅಂದರು.

ಆ ಗಂಟಲು ಬಂದದ್ದು ಕಂಪನಿ ನಾಟಕದಿಂದ. ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಕೇಳುವಂತೆ ಮಾತಾಡಲು ಕಲಿತ ಮನೆತನ ಅದು. ನಮ್ಮ ವಾರ್ಷಿಕೋತ್ಸವದ ನಾಟಕದಲ್ಲಿ ಕರೆಂಟು ಹೋಗಿ ಮೈಕು ನಿಂತಾಗ ಏನಾಯ್ತು ನೆನಪಿದೆಯಾ? ನಾನು ರಾಣಿ. ಮೂರನೇ ಸಾಲಿನಲ್ಲಿದ್ದ ನಮ್ಮಜ್ಜಿಗೇ ನನ್ನ ಮಾತು ಕೇಳಲಿಲ್ಲವಂತೆ!

ಜಯಶ್ರೀಯವರ ಮುಖವನ್ನೂ ನೋಡಬೇಕೆಂದರೆ ಟಿ.ಎಸ್. ನಾಗಾಭರಣರ 'ನಾಗಮಂಡಲ' (1997) ನೋಡಿ. ಅದರಲ್ಲಿ ಕಣ್ಣು ಕಾಣದ ಕುರುಡವ್ವ ಇವರೇ. 2001ರ 'ನನ್ನ ಪ್ರೀತಿಯ ಹುಡುಗಿ' ಚಿತ್ರದ ಕಾರಿನ ಹಾಡು ಹಾಡಿದವರೂ ಇವರೇ ಅಂದರೆ ಹುಡುಗರು ನಂಬಲ್ಲ. ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ 1996ರಲ್ಲಿ, ಪದ್ಮಶ್ರೀ 2013ರಲ್ಲಿ ಬಂತು. 2010ರಲ್ಲಿ ರಾಜ್ಯಸಭೆಗೂ ನಾಮಕರಣವಾದರು.

ನಿಮ್ಮ ಮನೆಯ ಅಜ್ಜ, ಅಜ್ಜಿ ಯಾರಾದರೂ ಗುಬ್ಬಿ ಕಂಪನಿ ನಾಟಕ ನೋಡಿದ್ದರೆ ಕೇಳಿ ಬರೆದು ತನ್ನಿ. ಕೆಳಗೆ ಜಾಗ ಬಿಟ್ಟಿದ್ದೇನೆ, ಅಂಟಿಸೋಣ.