ಸೋರಿಯಾಸಿಸ್: ಹತೋಟಿಯ ದಾರಿಗಳು

ಚರ್ಮದ ಮೇಲೆ ದಪ್ಪನೆಯ ಕೆಂಪು ಮಚ್ಚೆಗಳೆದ್ದು, ಅವುಗಳಿಂದ ಬೆಳ್ಳಿಬಣ್ಣದ ಹೊಟ್ಟು ಉದುರುವ ವ್ಯಾಧಿಯೇ ಸೋರಿಯಾಸಿಸ್. ಮೊಣಕೈ, ಮೊಣಕಾಲು, ತಲೆ, ಸೊಂಟದ ಹಿಂಭಾಗ ಇದರ ಸಾಮಾನ್ಯ ನೆಲೆಗಳು. ಆರೋಗ್ಯವಂತರಲ್ಲಿ ಹೊರಚರ್ಮ ಹೊಸದಾಗಲು ಸುಮಾರು 4 ವಾರಗಳು ಬೇಕು. ರೋಗನಿರೋಧಕ ಶಕ್ತಿಯ ಏರುಪೇರಿನಿಂದ ಈ ರೋಗಿಗಳಲ್ಲಿ ಅದು ಕೆಲವೇ ದಿನಗಳಲ್ಲಿ ನಡೆದುಬಿಡುತ್ತದೆ.

ಆಯುರ್ವೇದವು ಹೇಳುವ 18 ಬಗೆಯ ಕುಷ್ಠಗಳಲ್ಲಿ ಏಕಕುಷ್ಠ ಮತ್ತು ಕಿಟಿಭಗಳ ಲಕ್ಷಣಗಳು ಇದಕ್ಕೆ ಹತ್ತಿರವಾಗಿವೆ. ಅಲ್ಲಿ ‘ಕುಷ್ಠ’ವೆಂಬುದು ಚರ್ಮರೋಗಗಳ ಸಾಮಾನ್ಯ ಹೆಸರು. ಸೋರಿಯಾಸಿಸ್ ಅಂಟುರೋಗವಲ್ಲ. ಆದುದರಿಂದ ರೋಗಿಯನ್ನು ದಾಸೋಹದ ಪಂಕ್ತಿಯಲ್ಲಿ ದೂರ ಕುಳ್ಳಿರಿಸುವುದು, ಅವರ ತಟ್ಟೆ-ಲೋಟ ಬೇರೆಯಿಡುವುದು ಅಜ್ಞಾನವಷ್ಟೇ ಅಲ್ಲ, ಅನ್ಯಾಯವೂ ಹೌದು.

ಮೇಲೂರು, ಶಿಡ್ಲಘಟ್ಟದ ಸುತ್ತ ರೇಷ್ಮೆಯೇ ಅನೇಕರ ಕಾಯಕ. ನೂಲು ಬಿಚ್ಚುವವರ ಕೈಗಳು ಬಿಸಿನೀರಿನಲ್ಲಿ ನೆನೆದು ಬಿರಿಯುತ್ತವೆ. ಅಂತಹ ಬಿರುಕೆಲ್ಲವೂ ಸೋರಿಯಾಸಿಸ್ ಅಲ್ಲ, ಪರೀಕ್ಷಿಸಿಯೇ ನಿರ್ಧರಿಸಬೇಕು. ಆದರೆ ರೋಗವಿರುವವರಲ್ಲಿ ಗಾಯವಾದ, ಕೆರೆದ ಜಾಗದಲ್ಲಿ ಹೊಸ ಮಚ್ಚೆ ಏಳಬಹುದು. ಕೆಲಸ ಮುಗಿದೊಡನೆ ಕೈತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಸವರುವುದು ಹಿತಕರ.

ಮಚ್ಚೆಗಳು ಕೆಲವೇ ಇದ್ದರೆ ಹೊರಲೇಪಗಳು ಸಾಕಾಗಬಹುದು: ಹೊಟ್ಟು ಸಡಿಲಿಸಲು ಸ್ಯಾಲಿಸಿಲಿಕ್ ಆಮ್ಲ, ಜೊತೆಗೆ ಕೋಲ್‌ಟಾರ್, ಕ್ಯಾಲ್ಸಿಪೊಟ್ರಿಯಾಲ್ ಅಥವಾ ವೈದ್ಯರು ಹೇಳಿದಷ್ಟೇ ದಿನ ಸ್ಟೀರಾಯ್ಡ್ ಮುಲಾಮು. ಮೈತುಂಬ ಹರಡಿದ್ದರೆ ಆಸ್ಪತ್ರೆಯಲ್ಲಿ ವಾರಕ್ಕೆ 2-3 ಬಾರಿ ನೀಡುವ ನೇರಳಾತೀತ ಕಿರಣ ಚಿಕಿತ್ಸೆಯುಂಟು. ಮೆಥೊಟ್ರೆಕ್ಸೇಟ್ ಮಾತ್ರೆಯೂ ಉಪಯುಕ್ತ. ಆದರೆ ಅದನ್ನು ವಾರಕ್ಕೆ ಒಂದೇ ದಿನ ಸೇವಿಸತಕ್ಕದ್ದು. ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಇದನ್ನು ಸೇವಿಸುವವರು ಆಗಾಗ ರಕ್ತಪರೀಕ್ಷೆ ಮಾಡಿಸಬೇಕು, ಮದ್ಯ ವರ್ಜಿಸಬೇಕು. ಗರ್ಭಿಣಿಯರಿಗೆ ಇದು ನಿಷಿದ್ಧ. ಇವುಗಳಿಗೆ ಬಗ್ಗದ ರೋಗಕ್ಕೆ ಬೆಲೆಬಾಳುವ ಜೈವಿಕ ಚುಚ್ಚುಮದ್ದುಗಳಿವೆ.

ಆಯುರ್ವೇದದಲ್ಲಿ ಪಂಚತಿಕ್ತ ಘೃತದಂತಹ ಔಷಧೀಯ ತುಪ್ಪದ ಸ್ನೇಹಪಾನ, ಅನಂತರ ವಮನ ಅಥವಾ ವಿರೇಚನ, ಮನಃಶಾಂತಿಗೆ ತಕ್ರಧಾರೆ ಇವು ಕ್ರಮ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರದ ಎಲೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಬಿಸಿಲಿಗಿಟ್ಟು ತಯಾರಿಸುವ ತೈಲವೂ ಬಳಕೆಯಲ್ಲಿದೆ. ಶೋಧನ ಕರ್ಮಗಳನ್ನು ಬಲಾಬಲ ನೋಡಿ ವೈದ್ಯರ ಸಮಕ್ಷಮದಲ್ಲೇ ಮಾಡಿಸಬೇಕು, ಮನೆಯಲ್ಲಿ ಪ್ರಯೋಗಿಸಬಾರದು. ಆಯುರ್ವೇದ ಹಿಡಿದೆವೆಂದು ನಡೆಯುತ್ತಿರುವ ಮಾತ್ರೆಗಳನ್ನು ತಾವಾಗಿ ನಿಲ್ಲಿಸಲೂಬಾರದು.

ಹೆಸರಿಲ್ಲದ ಪೊಟ್ಟಣದ ಪುಡಿಗಳನ್ನು ನಂಬದಿರಿ. ಅವುಗಳಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ಮೊದಲು ಬೇಗನೆ ಗುಣ ಕಂಡು, ಬಿಟ್ಟೊಡನೆ ರೋಗ ಉಲ್ಬಣಿಸಬಹುದು. ಜ್ವರದೊಡನೆ ಮೈಯೆಲ್ಲ ಕೆಂಪೇರಿದರೆ, ಕೀವುಗುಳ್ಳೆಗಳೆದ್ದರೆ ತಡಮಾಡದೆ ಆಸ್ಪತ್ರೆ ಸೇರಬೇಕು. ಬೆಳಿಗ್ಗೆ ಕೀಲುಗಳು ಬಿಗಿದು ನೋಯುತ್ತಿದ್ದರೆ ಅದನ್ನು ವಾಯುವೆಂದು ಕಡೆಗಣಿಸಬೇಡಿ. ಈ ರೋಗದ ಕೀಲುವಾತ ಕೀಲುಗಳನ್ನು ಶಾಶ್ವತವಾಗಿ ಕೆಡಿಸಬಲ್ಲದು.

ಧೂಮಪಾನ, ಮದ್ಯ, ಚಿಂತೆ, ಗಂಟಲಿನ ಸೋಂಕು ಇದನ್ನು ಕೆರಳಿಸುತ್ತವೆ. ಸಂಪೂರ್ಣ ನಿರ್ಮೂಲದ ಭರವಸೆ ಯಾವ ಪದ್ಧತಿಯೂ ನೀಡಲಾರದು. ಆದರೆ ನಿಯಮಿತ ಚಿಕಿತ್ಸೆ, ಪಥ್ಯ ಮತ್ತು ಮನೆಯವರ ಆದರವಿದ್ದರೆ ಬಹುಮಂದಿ ವರ್ಷಗಟ್ಟಲೆ ಕಾಯಕದಲ್ಲಿ ನೆಮ್ಮದಿಯಿಂದ ತೊಡಗಿರಬಲ್ಲರು.